ತಗ್ಗಿನ ಮನೆ

"ಒಡೀಲೇನ್ರಿ ಸಾಹೇಬ್ರ?" ಎಂದು ಚಾಂದಸಾಬ ಮತ್ತೆ ಕೇಳಿದ. ಒಂದು ಕೈಯಲ್ಲಿ ಉಳಿ, ಇನ್ನೊಂದರಲ್ಲಿ ಸುತ್ತಿಗೆ ಹಿಡಿದು ಬಾಗಿಲಲ್ಲೇ ಕುಕ್ಕರಗಾಲಲ್ಲಿ ಕೂತಿದ್ದ. "ನನಗ ಬೈಕುಲ್ಲಾದಾಗ ಇನ್ನೊಂದು ಕೆಲಸ ಐತಿ. ಹೂಂ ಅಂದ್ರ ಒಡೀತೀನಿ, ಇಲ್ಲಾಂದ್ರ ಎದ್ದು ಹೋಗ್ತೀನಿ."

ಜಯಸಿಂಹ ಕಾಫಿ ಲೋಟ ಹಿಡಿದುಕೊಂಡು ಹೊಸ್ತಿಲನ್ನೇ ನೋಡುತ್ತಿದ್ದ. ಹೂಂ ಎನ್ನಬೇಕು. ಅಷ್ಟೇ ಕೆಲಸ. ನಿನ್ನೆಯೇ ಹೆಂಡತಿಗೆ ಮಾತು ಕೊಟ್ಟಾಗಿತ್ತು. ಆದರೂ ಬಾಯಿ ಬರುತ್ತಿರಲಿಲ್ಲ.

"ಒಡೀರಿ," ಎಂದಳು ಒಳಗಿನಿಂದ ಬಂದ ವಿಮಲಾ. ಅವಳು ಬೆಳಿಗ್ಗೆ ಎದ್ದವಳೇ ಹೊಸ್ತಿಲ ಮೇಲಿನ ಅರಿಸಿನ ಕುಂಕುಮ ಒರೆಸಿ, ಅದಕ್ಕೆ ಕೈಮುಗಿದು, ತಪ್ಪಾಯಿತು ಕಣಮ್ಮ ಎಂದು ಹೇಳಿಯೂ ಆಗಿತ್ತು. "ಇವರು ಹೂಂ ಅನ್ನೋ ಹೊತ್ತಿಗೆ ಮಳೆಗಾಲ ಮುಗಿದಿರುತ್ತೆ."

ಉಳಿಯ ಮೇಲೆ ಸುತ್ತಿಗೆ ಬಿತ್ತು. ಜಯಸಿಂಹನಿಗೆ ಹಲ್ಲು ಜುಮ್ಮೆಂದಿತು.

ಮುಂಬೈಯ ಸಯನ್ನಿನ ಈ ಬಿಲ್ಡಿಂಗಿಗೆ ಅವರು ಹೊಸದಾಗಿ ಬಂದಾಗ ರಸ್ತೆಯಿಂದ ಮೆಟ್ಟಿಲು ಹತ್ತಿ ಒಳಗೆ ಬರಬೇಕಿತ್ತು. ಆಮೇಲೆ ರಸ್ತೆಗೆ ಡಾಂಬರಿನ ಮೇಲೆ ಡಾಂಬರು ಬಿತ್ತು, ಅದರ ಮೇಲೆ ಕಾಂಕ್ರೀಟು ಬಿತ್ತು. ರಸ್ತೆಗಿಂತ ಕಾಂಪೌಂಡು ತಗ್ಗಾಯಿತೆಂದು ಬಿಲ್ಡಿಂಗಿನ ಸೊಸೈಟಿಯವರು ಕಾಂಪೌಂಡಿಗೆ ಮಣ್ಣು ತುಂಬಿಸಿ ಪೇವರ್ ಬ್ಲಾಕ್ ಹಾಸಿದರು. ಈಗ ಮನೆಯೊಳಗೆ ಬರಬೇಕಾದರೆ ಇಳಿದು ಬರಬೇಕು. ಮನೆ ಎಲ್ಲಿತ್ತೋ ಅಲ್ಲೇ ಇದೆ, ಊರೇ ಎದ್ದು ಮೇಲಕ್ಕೆ ಹೋಯಿತು. ನೆಲದಂತಸ್ತಿನ ಉಳಿದಿಬ್ಬರು, ಎದುರಿನ ಟೈಲರು ಮತ್ತು ಪಕ್ಕದ ದವಾಖಾನೆಯ ಡಾಕ್ಟರು, ಇದೇ ಚಾಂದಸಾಬನನ್ನು ಕರೆಸಿ ಮೊಳಕಾಲೆತ್ತರಕ್ಕೆ ಹೊಸ್ತಿಲು ಕಟ್ಟಿಸಿಕೊಂಡು ಹಾಯಾಗಿದ್ದರು. ಜಯಸಿಂಹ ಮಾತ್ರ ಕಟ್ಟಿಸಲಿಲ್ಲ.

ಯಾಕೆ ಕಟ್ಟಿಸಲಿಲ್ಲವೆಂದರೆ ಅವನಿಗೆ ಎಲ್ಲಾ ಗೊತ್ತಿತ್ತು. ಗೊತ್ತಿರುವುದೇ ಅವನ ಉದ್ಯೋಗ. ಬೆಳೆಯುವ ನಗರಗಳು ಮಳೆ ನೀರನ್ನು ಹೇಗೆ ತಾಳಿಕೊಳ್ಳಬೇಕು ಎಂದು ಬಾಂದ್ರಾದ ಒಂದು ಕನ್ಸಲ್ಟೆನ್ಸಿಯಲ್ಲಿ ಕೂತು ವರದಿ ಬರೆಯುತ್ತಿದ್ದ. ಪ್ರತಿಯೊಬ್ಬನೂ ತನ್ನ ಬಾಗಿಲನ್ನು ಎತ್ತರಿಸಿಕೊಂಡರೆ ನೀರು ಎತ್ತರಿಸಿಕೊಳ್ಳದವನ ಮನೆಗೆ ಹೋಗುತ್ತದೆ, ನೀರಿಗೂ ಊರಿನಲ್ಲಿ ಒಂದು ಜಾಗ ಬೇಕು ಎಂಬುದು ಅವನ ಸಿದ್ಧಾಂತ. ಹೋದ ವರ್ಷ ಸೊಸೈಟಿಯವರಿಗೆ ಟೆರೇಸಿನ ಮೇಲೆ ಪರದೆ ಕಟ್ಟಿ ಚಿತ್ರ ಸಮೇತ ಅದನ್ನು ವಿವರಿಸಿದ್ದ. ಯಾವುದೋ ದೇಶದ ನಕ್ಷೆ ತೋರಿಸಿದರೆ ಜನಕ್ಕೆ ಹತ್ತಿರವಾಗುವುದಿಲ್ಲವೆಂದು ತಮ್ಮದೇ ಬಿಲ್ಡಿಂಗಿನ ನಕ್ಷೆ ಹಾಕಿದ್ದ. ಕಂಪ್ಯೂಟರು ಎಲ್ಲಕ್ಕಿಂತ ತಗ್ಗಿನ ಜಾಗ ಹುಡುಕಿ ನೀಲಿ ಬಳಿಯಿತು. "ನೀರನ್ನ ಅಟ್ಟಬೇಡಿ, ಹಿಡಿದಿಟ್ಟುಕೊಳ್ಳಿ. ಇಂಥ ಜಾಗಕ್ಕೆ ಹೋಲ್ಡಿಂಗ್ ಪಾಂಡ್ ಅಂತಾರೆ" ಎಂದು ಅವನು ನೀಲಿಯ ಮೇಲೆ ಕೋಲಿಟ್ಟಾಗ ಯಾರೋ, "ಅದು ನಿಮ್ಮ ಹಾಲ್ ಅಲ್ವಾ ಸರ್?" ಎಂದರು. ಎಲ್ಲರೂ ನಕ್ಕರು. ಅವನೂ ನಕ್ಕ. ವಿಮಲಾ ನಗಲಿಲ್ಲ.

ಆಮೇಲೆ ಸುರಿದ ಮಳೆಗೆ ನೀರು ಚಿತ್ರದಲ್ಲಿದ್ದ ಹಾಗೆಯೇ ಬಂತು. ಹಾಸಿಗೆ ಹೋಯಿತು, ಫ್ರಿಜ್ಜು ಹೋಯಿತು, ವಿಮಲಾ ತವರಿನಿಂದ ತಂದಿದ್ದ ವೀಣೆಯ ಅಂಟು ಬಿಟ್ಟು ಬುರುಡೆ ಬಾಯಿ ತೆರೆಯಿತು. "ಇನ್ನೊಂದು ಸಲ ಈ ಮನೆಗೆ ನೀರು ಬಂದ್ರೆ ನಾನು ಇಲ್ಲಿ ಇರಲ್ಲ" ಎಂದು ಅವಳು ಹೇಳಿದ್ದು ಕೂಗಾಡಿಕೊಂಡಲ್ಲ, ಅಕ್ಕಿ ಆರಿಸುತ್ತಾ. ಕೂಗಾಡಿದ್ದರೆ ಅವನಿಗೆ ಇಷ್ಟು ಹೆದರಿಕೆಯಾಗುತ್ತಿರಲಿಲ್ಲ.

"ಹಳೇದು ಒಡದು ಹೋಗ್ತೀನ್ರಿ," ಎಂದ ಚಾಂದಸಾಬ, ಸಿಡಿದ ಚೂರನ್ನು ಕಣ್ಣಿನಿಂದ ಒರೆಸಿಕೊಳ್ಳುತ್ತಾ. "ಮಧ್ಯಾಹ್ನ ಊಟ ಮಾಡಿ ಬಂದು ಹೊಸದು ಕಟ್ಟಿ ಕೊಡ್ತೀನಿ. ಆಮ್ಯಾಲ ಸಮುದ್ರನ ಬರಲಿ, ನಿಮ್ಮನ್ನ ಕೇಳೇ ಒಳಗ ಬರಬೇಕು."

"ನೀರು ಎಲ್ಲಿಗಾದ್ರೂ ಹೋಗಲೇಬೇಕಲ್ಲಪ್ಪ," ಎಂದ ಜಯಸಿಂಹ.

"ಅದರ ಚಿಂತಿ ಅದಕ್ಕ ಇರತೈತ್ರಿ. ನಾವ್ಯಾಕ ಮಾಡೋದು?" ಎಂದು ಚಾಂದಸಾಬ ನಕ್ಕ. ವಿಮಲಾಳೂ ನಕ್ಕಳು. ಇಬ್ಬರ ಮೇಲೂ ಅವನಿಗೆ ಸಿಟ್ಟು ಬಂತು. ಚೀಲ ತೆಗೆದುಕೊಂಡು ಆಫೀಸಿಗೆ ಹೊರಟ.

ಬಾಂದ್ರಾದ ಆಫೀಸು ಒಂಬತ್ತನೆಯ ಮಹಡಿಯಲ್ಲಿತ್ತು. ಅಲ್ಲಿಂದ ನೋಡಿದರೆ ಊರಿನಲ್ಲಿ ತಗ್ಗೆಂಬುದೇ ಇಲ್ಲ. ಅವನ ಬಾಸ್ ನಿಶಾ ಅವನಿಗಿಂತ ಬಹಳ ಚಿಕ್ಕವಳು. ಬೆಂಗಳೂರಿನ ಕಡೆಯವರ ಮಗಳು, ಹುಟ್ಟಿ ಬೆಳೆದದ್ದೆಲ್ಲ ಮುಂಬೈ. ಅವನೊಡನೆ ಕನ್ನಡ ಮಾತಾಡುವುದನ್ನು ಒಂದು ದೊಡ್ಡ ಉಪಕಾರವೆಂಬಂತೆ ಮಾಡುತ್ತಿದ್ದಳು.

"ಜಯಸಿಂಹ ಸರ್, ಈ ಸ್ಲೈಡ್ ತೆಗೀಬೇಕು."

"ಯಾವುದು?"

"ರೋಡ್ ಹೈಟ್ ಜಾಸ್ತಿ ಮಾಡಬಾರದು ಅನ್ನೋದು."

"ಅದೇ ಮುಖ್ಯವಾದ್ದು."

"ಐ ನೋ. ಬಟ್ ರೋಡ್ ಮಾಡ್ತಾ ಇರೋರೇ ನಮ್ಮ ಕ್ಲೈಂಟ್ ಹೈ ನಾ."

"ಅದನ್ನ ತೆಗೆದ್ರೆ ಉಳಿಯೋದೇನು?"

"ಹೋಪ್," ಎಂದಳು ನಿಶಾ.

ಅವನಿಗೆ ಮೈಯೆಲ್ಲ ಉರಿಯಿತು. ಇಷ್ಟು ವರ್ಷದಿಂದ ಈ ಪುಣ್ಯಾತ್ಮರು ಒಂದೊಂದೇ ಸತ್ಯವನ್ನು ತೆಗೆಸುತ್ತಾ ಬಂದಿದ್ದರು. ಕೆರೆ ಮುಚ್ಚಿದವರ ಹೆಸರು ತೆಗಿ, ನಾಲೆಯ ಮೇಲೆ ಕಟ್ಟಿದ ಮಾಲಿನ ಚಿತ್ರ ತೆಗಿ. ಪ್ರತಿ ಸಲವೂ ಅವನು ವಾದ ಮಾಡುತ್ತಿದ್ದ, ಪ್ರತಿ ಸಲವೂ ತೆಗೆಯುತ್ತಿದ್ದ. ಈ ಸಲ ವಾದವನ್ನೂ ಮಾಡದೆ ತೆಗೆದ.

ಮಧ್ಯಾಹ್ನ ಫೋನು ಗುರುಗುಟ್ಟಿತು. ವಿಮಲಾ.

"ಸೆಕ್ರೆಟರಿ ಸಂಗಪ್ಪನವರು ಬಂದು ಕೆಲಸ ನಿಲ್ಲಿಸು ಅಂತಿದಾರೆ. ಚಾಂದಸಾಬರನ್ನ ಗೇಟಿನ ಒಳಗೇ ಬಿಡ್ತಿಲ್ಲ. ಹಳೇ ಹೊಸ್ತಿಲು ಹೋಯ್ತು, ಹೊಸದಿಲ್ಲ. ಬಾಗಿಲಲ್ಲಿ ಬರೀ ಗುಂಡಿ ಇದೆ."

"ನಾನು ಮಾತಾಡ್ತೀನಿ."

"ಯಾವಾಗ?"

"ಮೀಟಿಂಗಲ್ಲಿದೀನಿ ವಿಮಲಾ."

"ಒಂದೇ ಮಾತು ರೀ. ನಮ್ಮ ಮನೆ, ನಾವು ಕಟ್ಟಿಸ್ಕೋತೀವಿ ಅನ್ನಿ. ಇಷ್ಟನ್ನೇ ಹೇಳಿ. ಮಿಕ್ಕಿದ್ದು ನಾನು ನೋಡ್ಕೋತೀನಿ."

ಅವನು ಫೋನು ಕೆಳಗಿಟ್ಟಾಗ ನಿಶಾ ಅವನನ್ನೇ ನೋಡುತ್ತಿದ್ದಳು. "ಸರ್, ಒಂದು ಸಕ್ಸೆಸ್ ಸ್ಟೋರಿ ಬೇಕೇ ಬೇಕು. ಜನ ತಾವೇ, ಖುಷಿಯಿಂದ, ನೀರಿಗೆ ಜಾಗ ಬಿಟ್ಟುಕೊಟ್ಟಿರೋ ಒಂದು ಬಿಲ್ಡಿಂಗ್. ಇಷ್ಟು ದೊಡ್ಡ ಸಿಟೀಲಿ ಒಂದೂ ಇಲ್ವಾ?"

ಇಲ್ಲ ಎನ್ನಬೇಕಿತ್ತು. ಇಂಥ ಹುಚ್ಚರು ಯಾರೂ ಇಲ್ಲ ಎನ್ನಬೇಕಿತ್ತು.

"ಇದೆ," ಎಂದ. "ಸಯನ್‌ನಲ್ಲಿ. ನೆಲದಂತಸ್ತಿನ ಒಂದು ಮನೆ ನೀರನ್ನು ಒಳಗೆ ತೆಗೆದುಕೊಳ್ಳುತ್ತೆ. ಅದರಿಂದ ಇಡೀ ಬಿಲ್ಡಿಂಗ್ ಉಳಿಯುತ್ತೆ."

"ವಾವ್. ಯಾರ ಮನೆ?"

"ನಂದೇ."

ನಿಶಾ ಪೆನ್ನು ಕೆಳಗಿಟ್ಟು ಅವನನ್ನು ಹೊಸಬನಂತೆ ನೋಡಿದಳು. ಆ ಆಫೀಸಿನಲ್ಲಿ ಅವನನ್ನು ಯಾರೂ ಹಾಗೆ ನೋಡಿ ಬಹಳ ಕಾಲವಾಗಿತ್ತು. ಅವನಿಗೆ ಖುಷಿಯಾಯಿತು. ನಾಚಿಕೆಯೂ ಆಯಿತು, ಆದರೆ ಖುಷಿಯೇ ಮೊದಲು ಬಂತು.

"ನಾಳೆನೇ ಫೋಟೋಗ್ರಾಫರ್ ಕಳಿಸ್ತೀನಿ," ಎಂದಳು.

ಲಿಫ್ಟಿನ ಬಳಿ ಹೋಗಿ ನಿಂತು ಸಂಗಪ್ಪನಿಗೆ ಫೋನು ಮಾಡಿದ. ಏನ್ರೀ ಇದು ದಾದಾಗಿರಿ, ನನ್ನ ಮನೆ ಬಾಗಿಲ ವಿಷಯಕ್ಕೆ ಬರೋಕೆ ನೀವ್ಯಾರು ಎಂದು ಶುರುಮಾಡಬೇಕು ಎಂದುಕೊಂಡಿದ್ದ. ಆ ಕಡೆಯಿಂದ ಹಲೋ ಕೇಳಿದ ಕೂಡಲೇ "ನಮಸ್ಕಾರ ಸಂಗಪ್ಪನವರೇ" ಎಂದುಬಿಟ್ಟ.

ಸಂಗಪ್ಪ ಬ್ಯಾಂಕಿನಿಂದ ನಿವೃತ್ತನಾದ ಹುಬ್ಬಳ್ಳಿ ಕಡೆಯವನು. ಮಾತಿನಲ್ಲಿ ಬೆಣ್ಣೆ. "ಸರ್, ನೀವ ಕಲಿಸೀರಿ, ನಾವು ಕಲ್ತೀವಿ. ಹೋದ ವರ್ಷ ನೀರು ನಿಮ್ಮ ಮನಿಗೆ ಬಂದಿದ್ದಕ್ಕ ಕೆಳಗಿನ ಕರೆಂಟ್ ಮೀಟರ್ ರೂಮು ಒಣಾ ಒಣಾ ಇತ್ತು. ಲಿಫ್ಟ್ ನಿಲ್ಲಲಿಲ್ಲ. ಈಗ ಎಲೆಕ್ಟ್ರಿಕ್ ಕಾರಿನ ಚಾರ್ಜಿಂಗೂ ಅಲ್ಲೇ ಹಾಕೀವಿ. ನೀವು ಹೊಸ್ತಿಲ ಏರಿಸಿದ್ರ ನೀರು ಸೀದಾ ಮೀಟರ್ ರೂಮಿಗೇ ಹೊಕ್ಕೈತಿ. ನಾ ಹೇಳೋದಲ್ಲ, ನಿಮ್ಮ ಚಿತ್ರ ಹೇಳತೈತಿ."

"ಮೀಟರ್ ರೂಮಿಗೇ ಹೊಸ್ತಿಲು ಕಟ್ಟಿಸಬಹುದಲ್ಲ."

"ಕರೆಂಟ್ ಕಂಪನಿ ಪರ್ಮಿಶನ್ ಕೊಡಬೇಕಲ್ರಿ. ಅರ್ಜಿ ಹಾಕಿ ವರ್ಷಾತು. ನೀವು ಬಲ್ಲವರು, ಗೊತ್ತಿಲ್ದದ್ದೇನೈತಿ? ಇರಲಿ, ಸಂಜೀಕ ಎಲ್ಲಾರೂ ನಿಮ್ಮನಿಗೇ ಬರ್ತೀವಿ. ಪರಿಸರ ದಿನದ ಲೆಕ್ಕದಾಗ ನಿಮಗೊಂದು ಸಣ್ಣ ಸತ್ಕಾರ."

ಲೆಕ್ಕ ಸರಿಯಾಗಿಯೇ ಇತ್ತು. ಅದೇ ಅವನ ಹಣೆಬರಹ. ನೀರಿನ ದಾರಿ, ಇಳಿಜಾರು, ಎಲ್ಲವೂ ಸಂಗಪ್ಪ ಹೇಳಿದ ಹಾಗೆಯೇ ಇತ್ತು, ಹೇಳಿಕೊಟ್ಟವನು ತಾನೇ. ಕಟ್ಟಿಸಿಯೇ ಕಟ್ಟಿಸುತ್ತೇವೆ ಎನ್ನಲು ಬಾಯಿ ತೆರೆದ.

"ನಾಳೆ ನಮ್ಮ ಆಫೀಸಿನವರು ಮನೆಯ ಫೋಟೋ ತೆಗೆಯೋಕೆ ಬರ್ತಾರೆ," ಎಂದು ಹೇಳಿ ಮುಗಿಸಿದ ಮೇಲೆಯೇ ತಾನು ಹೇಳಿದ್ದು ಅವನಿಗೆ ತಿಳಿದದ್ದು.

ಆಫೀಸು ಬಿಡುವಾಗ ಮಳೆ ಶುರುವಾಗಿತ್ತು. ಬಸ್ಸು ಧಾರಾವಿಯ ಹತ್ತಿರ ನಿಂತದ್ದು ನಿಂತೇ ಇತ್ತು. ಹೊಸ ಕಾಂಕ್ರೀಟು ರಸ್ತೆ ಎತ್ತರದಲ್ಲಿ ತೊಳೆದಿಟ್ಟಂತೆ ಹೊಳೆಯುತ್ತಿತ್ತು. ಅದರ ನೀರೆಲ್ಲ ಎರಡೂ ಕಡೆಯ ಗಲ್ಲಿಗಳಿಗೆ ಇಳಿದು ಹೋಗುತ್ತಿತ್ತು, ಅಲ್ಲಿ ಜನ ಪಾತ್ರೆಪಗಡ ಎತ್ತಿ ಮಂಚದ ಮೇಲಿಡುತ್ತಿದ್ದರು. ರಸ್ತೆಯ ಮಟ್ಟಿಗೆ ಎಲ್ಲಾ ಸರಿಯಾಗಿದೆ ಎಂದುಕೊಂಡ. ರಸ್ತೆ ಚೆನ್ನಾಗಿ ತಾಳಿಕೊಳ್ಳುತ್ತಿದೆ.

"ನಮ್ಮ ಮನೆ, ನಾವು ಕಟ್ಟಿಸ್ಕೋತೀವಿ," ಎಂದು ಕಿಟಕಿಯ ಕಡೆ ತಿರುಗಿ ಹೇಳಿ ನೋಡಿದ. ಚೆನ್ನಾಗಿ ಬಂತು. ಇನ್ನೊಂದು ಸಲ, ಸ್ವಲ್ಪ ಗಟ್ಟಿಯಾಗಿ ಹೇಳಿದ. ಪಕ್ಕದಲ್ಲಿ ಕೂತಿದ್ದ ಹೆಂಗಸು ಚೀಲ ತೊಡೆಗೆಳೆದುಕೊಂಡಳು. ಬಸ್ಸು ಅಲುಗುವ ಲಕ್ಷಣ ಕಾಣದೆ ಇಳಿದು ನಡೆದ.

ಮನೆಯಲ್ಲಿ ಜನ ತುಂಬಿದ್ದರು. ಸಂಗಪ್ಪ ಸೋಫಾದ ನಡುವೆ ಕೂತಿದ್ದ. ಮೂರನೆಯ ಮಹಡಿಯ ಸೇವಂತಿ, ಎಲೆಕ್ಟ್ರಿಕ್ ಕಾರಿನ ಹುಡುಗ ತಿಲಕ್, ಇನ್ನೂ ಕೆಲವರು. ಬಾಗಿಲ ಅಡಿಯಲ್ಲಿ ಹೊಸ್ತಿಲಿದ್ದ ಕಡೆ ಕಿತ್ತ ಗುಂಡಿ. ಅದನ್ನು ದಾಟಿ ಒಳಗೆ ಬಂದಾಗ ಅವನ ಕಣ್ಣಿಗೆ ಬಿದ್ದದ್ದು ಟೀಪಾಯಿ. ಅದರ ಮೇಲೆ ಒಂದೂ ಲೋಟವಿರಲಿಲ್ಲ. ಮನೆಗೆ ಬಂದವರಿಗೆ ವಿಮಲಾ ಕಾಫಿ ಕೊಡದೆ ಕೂರಿಸಿದ್ದು ಅವನು ನೋಡಿದ ಹಾಗೆ ಇದೇ ಮೊದಲು. ಅವಳು ಅಡಿಗೆಮನೆಯ ಬಾಗಿಲಿಗೆ ಒರಗಿ ಕೈಕಟ್ಟಿ ನಿಂತಿದ್ದಳು.

"ಬರ್ರಿ ಬರ್ರಿ," ಎಂದು ಸಂಗಪ್ಪ ಅವನ ಮನೆಗೆ ಅವನನ್ನೇ ಸ್ವಾಗತಿಸಿದ. ಒದ್ದೆ ಅಂಗಿಯ ಮೇಲೆ ಶಾಲು ಹೊದಿಸಿದ. ಕೈಗೆ ತೆಂಗಿನಕಾಯಿ ಬಂತು. "ಇವತ್ತು ಎಲ್ಲಾರೂ ಪರಿಸರ ಪರಿಸರ ಅಂತಾರ. ಮಾತಾಡೋದು ಬ್ಯಾರೆ, ಮನೀನ ಕೊಡೋದು ಬ್ಯಾರೆ. ನಾಳೆ ಇವರ ಆಫೀಸಿನವರು ಫೋಟೋ ತೆಗೀಲಿಕ್ಕ ಬರ್ತಾರಂತ ಸರ್ ತಾವ ಫೋನ್ ಮಾಡಿ ಹೇಳಿದ್ರು. ನಮ್ಮ ಬಿಲ್ಡಿಂಗಿನ ಹೆಸರು ದಿಲ್ಲಿ ತನಕ ಹೋಗ್ತದ."

ಚಪ್ಪಾಳೆಯಾಯಿತು.

"ಯಾವ ಫೋಟೋ?" ಎಂದಳು ವಿಮಲಾ.

ಜಯಸಿಂಹ ತೆಂಗಿನಕಾಯಿಯ ಜುಟ್ಟು ನೋಡಿದ.

"ರೀ, ನಿಮ್ಮನ್ನೇ. ಯಾವ ಫೋಟೋ?"

"ಅದು... ವರದಿಗೆ. ಆಮೇಲೆ ಹೇಳ್ತೀನಿ."

"ಬೇಸರ ಮಾಡ್ಕೋಬೇಡಿ ವಿಮಲಾ," ಎಂದಳು ಸೇವಂತಿ. "ನೀರು ಬಂದಾಗ ಒಂದೆರಡು ದಿನ ನಮ್ಮನೇಲಿ ಇದ್ದುಬಿಡಿ. ಗೆಸ್ಟ್ ರೂಮಲ್ಲಿ ಏಸಿ ಕೂಡ ಇದೆ."

"ನಮ್ಮ ಗೋಡೆಗಳನ್ನೂ ತಂದು ಅಲ್ಲೇ ಇಟ್ಕೋಬಹುದಾ?" ಎಂದಳು ವಿಮಲಾ. ಸೇವಂತಿ ಶಾಲಿನ ಅಂಚು ಚೆನ್ನಾಗಿದೆ ಎಂದು ಪಕ್ಕದವಳಿಗೆ ಹೇಳಿದಳು.

ಸಂಗಪ್ಪ ಗಂಟಲು ಸರಿಮಾಡಿಕೊಂಡ. ಸೊಸೈಟಿ ಒಂದು ನಿರ್ಣಯ ಮಾಡಿದೆ, ಸರ್ ಒಪ್ಪಿದರೆ ಇವತ್ತೇ ಪಾಸು. ಈ ಮನೆಯನ್ನು ಬಿಲ್ಡಿಂಗಿನ ಹೋಲ್ಡಿಂಗ್ ಪಾಂಡ್ ಎಂದು ಮಾನ್ಯ ಮಾಡುವುದು. ಇದರ ಬಾಗಿಲನ್ನು ಯಾವ ಕಾಲಕ್ಕೂ ಎತ್ತರಿಸದಿರುವುದು. "ಒಪ್ಪಿಗೇನ್ರಿ ಸರ್?"

ಎಲ್ಲರೂ ಅವನನ್ನು ನೋಡಿದರು. ವಿಮಲಾಳೂ ನೋಡಿದಳು. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ, ಬೇಡುವಂಥದ್ದೇನೋ ಇತ್ತು. ಬಸ್ಸಿನಲ್ಲಿ ಹೇಳಿದ ಮಾತು ನಾಲಗೆಯ ತುದಿಗೇ ಬಂದಿತ್ತು.

"ಸರಿಯಿಲ್ಲ," ಎಂದ.

ವಿಮಲಾ ಬಾಗಿಲು ಬಿಟ್ಟು ನೆಟ್ಟಗೆ ನಿಂತಳು.

"ಪಾಂಡ್ ಅನ್ನೋದು ಸರಿಯಿಲ್ಲ. ಪಾಂಡ್ ಅಂದ್ರೆ ಯಾವಾಗಲೂ ನೀರಿರಬೇಕು. ಇಲ್ಲಿ ಮಳೆ ಬಂದಾಗ ಮಾತ್ರ ಇರುತ್ತೆ. ಡಿಟೆನ್ಷನ್ ಸ್ಪೇಸ್ ಅಂತ ಮಾಡಿ."

"ನೋಡ್ರಿ, ಇದಕ್ಕ ಬಲ್ಲವರು ಬೇಕನ್ನೋದು!" ಎಂದು ಸಂಗಪ್ಪ ಎಲ್ಲರ ಕಡೆ ತಿರುಗಿ ಹೇಳಿದ. ಮತ್ತೆ ಚಪ್ಪಾಳೆ. ವಿಮಲಾ ಅಡಿಗೆಮನೆಯೊಳಕ್ಕೆ ಹೋದಳು. ಹೋಗುವಾಗ ಅವನನ್ನು ನೋಡಲಿಲ್ಲ. ಛೀ ಎನ್ನಿಸಿತು ಅವನಿಗೆ, ತನ್ನ ಬಗ್ಗೆಯೇ. ಆದರೂ ತಿದ್ದಿದ್ದು ಸರಿಯಾಗಿತ್ತು ಎಂಬ ಸಮಾಧಾನ ಅದರ ಪಕ್ಕದಲ್ಲೇ ನಾಚಿಕೆಯಿಲ್ಲದೆ ಕೂತಿತ್ತು.

ಹೊರಗೆ ವಾಚ್‌ಮನ್ ಕೂಗಿದ: "ಪಾನಿ ಆ ಗಯಾ!"

ಬಂದವರೆಲ್ಲ ಎದ್ದು ಗುಂಡಿ ದಾಟಿ ಮೆಟ್ಟಿಲಿಗೆ ಓಡಿದರು. ಓಡಿದವರು ಮೇಲೆ ತಮ್ಮ ತಮ್ಮ ಮನೆಗೆ ಹೋಗಲಿಲ್ಲ. ಮೆಟ್ಟಿಲ ಮೇಲೆ ಸಾಲಾಗಿ ನಿಂತು ಕೆಳಗೆ ನೋಡತೊಡಗಿದರು. ತಿಲಕ್ ಫೋನು ಎತ್ತಿ ಹಿಡಿದಿದ್ದ. ಕಂದು ನೀರು ಕಾಂಪೌಂಡಿನಿಂದ ನೆಲದಂತಸ್ತಿನ ಬಾಗಿಲುಗಳ ನಡುವಿನ ಓಣಿಗೆ ಇಳಿಯಿತು. ಟೈಲರಿನ ಹೊಸ್ತಿಲಿಗೆ ಹೊಡೆದು ತಿರುಗಿತು, ದವಾಖಾನೆಯ ಹೊಸ್ತಿಲಿಗೆ ಹೊಡೆದು ತಿರುಗಿತು, ಇವರ ಬಾಗಿಲ ಕಡೆ ನೆಟ್ಟಗೆ ಬಂತು.

"ಬಂತು ಬಂತು," ಎಂದರು ಯಾರೋ, ನೆಂಟರು ಬಂದಷ್ಟು ಸಂಭ್ರಮದಿಂದ.

"ಅಂಕಲ್, ಎಕ್ಸಾಕ್ಟ್ಲಿ ನಿಮ್ಮ ಸ್ಲೈಡ್ ಥರಾ!" ಎಂದ ತಿಲಕ್.

ವಿಮಲಾ ಒಳಗಿನಿಂದ ಬಂದಳು. ಸೆರಗು ಸೊಂಟಕ್ಕೆ ಸಿಕ್ಕಿಸಿದ್ದಳು. ಕೈಯಲ್ಲಿ ಪೊರಕೆಯಿಲ್ಲ, ಬಕೆಟಿಲ್ಲ. ಜಯಸಿಂಹ ದಾರಿ ಬಿಟ್ಟು ಪಕ್ಕಕ್ಕೆ ಸರಿದ. ಅವಳು ಬಾಗಿಲಿಗೆ ಹೋಗಿ, ಹೊಸ್ತಿಲು ಕಿತ್ತಿದ್ದ ಗುಂಡಿಯಲ್ಲಿ ಅಡ್ಡಲಾಗಿ ಕೂತಳು. ಬೆನ್ನನ್ನು ಒಂದು ಚೌಕಟ್ಟಿಗೆ ಆನಿಸಿ, ಕಾಲು ಚಾಚಿ ಪಾದಗಳನ್ನು ಇನ್ನೊಂದು ಚೌಕಟ್ಟಿಗೆ ಒತ್ತಿಕೊಂಡಳು. ಸೀರೆಯನ್ನು ಸಂದುಗೊಂದುಗಳಿಗೆಲ್ಲ ತುರುಕಿದಳು. ನೀರು ಬಂದು ಅವಳ ತೊಡೆಗೆ ಬಡಿಯಿತು. ಅಲ್ಲಿ ಸ್ವಲ್ಪ ಯೋಚಿಸುವಂತೆ ಸುತ್ತಿ, ತಿರುಗಿ, ಮೀಟರ್ ರೂಮಿನ ಕಡೆ ಹರಿಯಿತು.

"ಸರ್! ಏನ್ರಿ ಇದು?" ಸಂಗಪ್ಪನ ಮಾತಿನ ಬೆಣ್ಣೆಯೆಲ್ಲ ಕರಗಿತ್ತು. "ಎಬ್ಬಿಸ್ರಿ ಅವರನ್ನ! ಅಲ್ಲಿ ಹೊಕ್ಕಾಕತ್ತೈತಿ!"

"ಅಂಕಲ್, ಕಾರ್ ಚಾರ್ಜಿಂಗ್ ಮೇ ಹೈ. ಆಂಟೀಗೆ ಬೋಲೋ ನಾ ಪ್ಲೀಸ್!"

"ಅಯ್ಯೋ ವಿಮಲಾ, ಏನಿದು ಹಟ, ಏಳಿ," ಎಂದಳು ಸೇವಂತಿ.

ಮೀಟರ್ ರೂಮಿಗೆ ನೀರು ಹೊಕ್ಕರೆ ಕರೆಂಟು ನೀರಿಗಿಳಿಯಬಹುದು. ಮೊದಲು ಮೇನ್ ಆಫ್ ಮಾಡಬೇಕು. ಅವನಿಗೆ ಇದೂ ಗೊತ್ತಿತ್ತು. ಆಫ್ ಮಾಡಿ ಎಂದು ಮೆಟ್ಟಿಲಿನವರಿಗೆ ಕೂಗಬಹುದಿತ್ತು; ಕೂಗಿದರೆ ನೀರು ಅತ್ತಲೇ ಹೋಗಲಿ ಎಂದು ಅವಳ ಪರ ಮಾತಾಡಿದಂತಾಗುತ್ತಿತ್ತು. ತಾನೇ ಹೋಗಬಹುದಿತ್ತು, ಹೋಗಬೇಕಾದರೆ ಅವಳನ್ನು ದಾಟಬೇಕಿತ್ತು.

"ವಿಮಲಾ," ಎಂದ. "ಏಳು."

ಅವಳು ತಿರುಗಲಿಲ್ಲ. "ಏನಂದ್ರಿ?"

"ಏಳು ಅಂದೆ."

"ಕೇಳಿಸ್ತಿಲ್ಲ. ಜೋರಾಗಿ ಹೇಳಿ. ಮೆಟ್ಟಿಲ ಮೇಲಿರೋರಿಗೂ ಕೇಳಲಿ."

ಮೆಟ್ಟಿಲ ಮೇಲೆ ಗದ್ದಲ ನಿಂತಿತು. ಎಲ್ಲರೂ ಕಾಯುತ್ತಿದ್ದರು. ಅವನು ಬಾಯಿ ತೆರೆದ. ನಾಲಗೆಯ ಮೇಲೆ ಏಳು ಎಂಬುದೂ ಇತ್ತು, ಬಸ್ಸಿನಲ್ಲಿ ಹೇಳಿದ ಮಾತೂ ಇತ್ತು, ಎರಡೂ ಹೊರಗೆ ಬರಲಿಲ್ಲ.

ಒಳಗೆ ಬರುವಾಗ ಎಲ್ಲರೂ ಬಾಗಿಲಾಚೆ ಕಳಚಿಟ್ಟಿದ್ದ ಚಪ್ಪಲಿಗಳು ಈಗ ತೇಲತೊಡಗಿದ್ದವು. ಮೊದಲು ಸಂಗಪ್ಪನ ಚರ್ಮದ ಚಪ್ಪಲಿ ಬಂದು ವಿಮಲಾಳ ತೊಡೆಗೆ ತಗುಲಿ, ನೀರು ಏರಿದ ಹಾಗೆ ತಾನೂ ಏರಿ ಅವಳ ಮಡಿಲಲ್ಲಿ ಕೂತಿತು. ಆಮೇಲೆ ಸೇವಂತಿಯ ಬಂಗಾರದ ಪಟ್ಟಿಯ ಚಪ್ಪಲಿ ಬಂತು. ಆಮೇಲೆ ತಿಲಕನ ಸ್ಯಾಂಡಲ್. ಅವಳು ಯಾವುದನ್ನೂ ತಳ್ಳಲಿಲ್ಲ. ಲೈಟು ಇನ್ನೂ ಉರಿಯುತ್ತಿತ್ತು. ಇಡೀ ಬಿಲ್ಡಿಂಗಿನ ಚಪ್ಪಲಿಗಳು ಒಂದೊಂದಾಗಿ ಅವಳ ಮಡಿಲಿಗೆ ಬಂದು ಸೇರುತ್ತಿದ್ದವು. ಜಯಸಿಂಹ ಅವಳ ಈಚೆ, ಒಣ ನೆಲದ ಮೇಲೆ, ಹೆಗಲ ಮೇಲೆ ಶಾಲು ಹೊದ್ದು ನಿಂತಿದ್ದ.